ಜಿಂಕೆಗೆ ಡಿಕ್ಕಿಯಾದ ಕಾರು: ಹೊರಗೆ ಗೀಚು ಮಾತ್ರ, ಒಳಗೆ ಏನೇನು ನೋಡಿಸಬೇಕು?

ಇಳಿಸಂಜೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಕಾಡಂಚಿನ ರಸ್ತೆಯಲ್ಲಿ ಬರುತ್ತಿದ್ದಾಗ ಎಡಗಡೆಯಿಂದ ಒಂದು ಜಿಂಕೆ ಹಾರಿ ಬಂತು. ಬ್ರೇಕ್ ಒತ್ತಿದೆ, ಆದರೂ ಎಡ ಹೆಡ್‌ಲೈಟ್ ಹತ್ತಿರ ಬಡಿಯಿತು. ಆಗ ವೇಗ ಗಂಟೆಗೆ 50 ಕಿ.ಮೀ. ಆಸುಪಾಸು ಇದ್ದಿರಬೇಕು. ಜಿಂಕೆ ಬಿತ್ತು, ಎದ್ದು ಪೊದೆಯೊಳಗೆ ಓಡಿಹೋಯಿತು. ಏರ್‌ಬ್ಯಾಗ್ ತೆರೆಯಲಿಲ್ಲ. ನನಗೂ ಪಕ್ಕದಲ್ಲಿದ್ದ ತಂಗಿಗೂ ಏನೂ ಆಗಿಲ್ಲ.

ಬೆಳಿಗ್ಗೆ ನೋಡಿದರೆ ಬಂಪರ್ ಮೇಲೆ ಎರಡು ಗೀಚು, ನಂಬರ್ ಪ್ಲೇಟ್ ಸ್ವಲ್ಪ ಮಡಚಿದೆ, ಗ್ರಿಲ್ ಸಂದಿಯಲ್ಲಿ ಕೂದಲು ಸಿಕ್ಕಿಕೊಂಡಿದೆ. ಅಷ್ಟೇ. ಹೆಡ್‌ಲೈಟ್ ಒಡೆದಿಲ್ಲ, ಉರಿಯುತ್ತದೆ. ಬಾನೆಟ್ ತೆರೆಯುತ್ತದೆ, ಮುಚ್ಚುತ್ತದೆ. ಮುಚ್ಚುವಾಗ ಮಾತ್ರ ಮೊದಲಿಗಿಂತ ಸ್ವಲ್ಪ ಜೋರಾಗಿ ಒತ್ತಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಲೈಟೂ ಬಂದಿಲ್ಲ. ಎಸಿ ಸರಿಯಾಗಿ ತಂಪು ಕೊಡುತ್ತಿಲ್ಲ ಅನ್ನಿಸುತ್ತಿದೆ, ಅಥವಾ ಅದು ನನ್ನ ಭ್ರಮೆಯೋ ಏನೋ.

ಕಾರು ನಾಲ್ಕು ವರ್ಷದ ಪೆಟ್ರೋಲ್ ಸೆಡಾನ್, ಆಟೋಮ್ಯಾಟಿಕ್. ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುವ ರೇಡಾರ್ ಇದೆ.

ಮನೆಯಲ್ಲಿ ಎಲ್ಲರೂ "ತೊಳೆದು ಪಾಲಿಶ್ ಹಾಕಿಸು, ಮುಗೀತು" ಅಂತಿದ್ದಾರೆ. ವಿಮೆಯವರು ಫೋಟೋ ಕಳಿಸಿ ಸಾಕು ಅಂದಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ. ಒಳಗೆ ಏನಾದರೂ ಆಗಿದ್ದರೆ ಹೇಗೆ ಗೊತ್ತಾಗುತ್ತದೆ? ಅಲ್ಲಿಯವರೆಗೆ ಓಡಿಸಬಹುದಾ? ನನ್ನ ಕೈಲಿ ಏನು ನೋಡಲು ಆಗುತ್ತದೆ, ಯಾವುದನ್ನು ಗ್ಯಾರೇಜಿನವರಿಗೇ ಬಿಡಬೇಕು?

ದಾರಿಹೋಕ

ಮೊದಲು ಒಂದು ಮಾತು. ತೊಳೆಯಬೇಡಿ. ಈಗ ಇರುವ ಹಾಗೇ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಕೂದಲು ಸಿಕ್ಕಿರುವ ಜಾಗವನ್ನು ಹತ್ತಿರದಿಂದ ತೆಗೆಯಿರಿ. ಆಮೇಲೆ ವಿಮೆಯವರು "ಇದು ಗೋಡೆಗೆ ಗುದ್ದಿದ್ದಲ್ವಾ" ಅಂತ ಕೇಳಿದರೆ ತೋರಿಸಲು ಏನಾದರೂ ಇರಬೇಕು.

ಉಳಿದದ್ದನ್ನು ನಮ್ಮ ಹತ್ತರ ಸ್ಪ್ಯಾನರ್ ಅಣ್ಣ ಹೇಳಲಿ. ಟಿಂಕರಿಂಗ್ ವಿಷಯ ಅವರಿಗೆ ಬಿಟ್ಟಿದ್ದು.

ಹತ್ತರ ಸ್ಪ್ಯಾನರ್

ಕರೆದಿದ್ದೀರಿ, ಬಂದೆ. ಉದ್ದ ಬರೆಯುತ್ತೇನೆ, ಬೈಕೋಬೇಡಿ. ನನ್ನ ಕೆಲಸವೇ ಬಾಡಿ ರಿಪೇರಿ. ಪ್ರಾಣಿಗೆ ಗುದ್ದಿದ ಗಾಡಿ ಬಂದಾಗೆಲ್ಲ ಮಾಲೀಕರು ಹೇಳುವುದು ಒಂದೇ: "ಏನೂ ಆಗಿಲ್ಲ, ಬರೀ ಬಂಪರ್."

ಮೇಡಂ, ಬಂಪರ್ ಅಂತ ನೀವು ನೋಡುತ್ತಿರುವುದು ಒಂದು ಪ್ಲಾಸ್ಟಿಕ್ ಮುಖವಾಡ. ಅದು ಒಳಕ್ಕೆ ಬಾಗುತ್ತದೆ, ಹಿಂದಿರುವುದನ್ನೆಲ್ಲ ಒತ್ತುತ್ತದೆ, ಆಮೇಲೆ ವಾಪಸ್ ತನ್ನ ಆಕಾರಕ್ಕೆ ಬಂದುಬಿಡುತ್ತದೆ. ಹಿಂದೆ ಇರುವ ಲೋಹ ವಾಪಸ್ ಬರುವುದಿಲ್ಲ. ಅದಕ್ಕೇ ಬಂಪರ್ ಚೆನ್ನಾಗಿದೆ ಅನ್ನುವುದನ್ನು ನಾನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜಿಂಕೆಯ ವಿಷಯದಲ್ಲಿ ಇನ್ನೊಂದು ಇದೆ. ಕಾರಿನ ಮುಂದೆ, ಪ್ಲಾಸ್ಟಿಕ್ಕಿನ ಹಿಂದೆ, ಒಂದು ಗಟ್ಟಿ ಅಡ್ಡಪಟ್ಟಿ ಇರುತ್ತದೆ. ಇನ್ನೊಂದು ಕಾರಿಗೆ ಗುದ್ದಿದರೆ ಆ ಪಟ್ಟಿ ಪೆಟ್ಟು ತಿನ್ನುತ್ತದೆ, ಯಾಕೆಂದರೆ ಎರಡರ ಎತ್ತರವೂ ಹೆಚ್ಚು ಕಡಿಮೆ ಒಂದೇ. ಜಿಂಕೆಗೆ ಕಾಲು ತೆಳ್ಳಗೆ, ಉದ್ದ. ತೂಕ ಇರುವುದೆಲ್ಲ ಮೇಲೆ ಮೈಯಲ್ಲಿ. ಸಣ್ಣ ಕಾರು ಅಥವಾ ಸೆಡಾನ್ ಬಡಿದಾಗ ಪಟ್ಟಿಗೆ ತಾಗುವುದು ಕಾಲು. ಮೈ ಬಂದು ಬೀಳುವುದು ಅದರ ಮೇಲ್ಗಡೆ: ಗ್ರಿಲ್, ಹೆಡ್‌ಲೈಟ್, ಬಾನೆಟ್ಟಿನ ಮುಂದಿನ ಅಂಚು. ನೀವು ಬ್ರೇಕ್ ಬೇರೆ ಒತ್ತಿದ್ದೀರಿ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕೆಳಗೆ ಹೋಗುತ್ತದೆ, ಪಟ್ಟಿ ಇನ್ನೂ ಕೆಳಗೆ. ಅಂದರೆ ಗಟ್ಟಿ ಜಾಗ ತಪ್ಪಿಸಿಕೊಂಡು, ಮೆತ್ತಗಿನ ಜಾಗಕ್ಕೆ ಪೆಟ್ಟು ಬಿದ್ದಿದೆ.

ಆ ಮೆತ್ತಗಿನ ಜಾಗದಲ್ಲಿ ಏನಿದೆ ಅಂದರೆ ರೇಡಿಯೇಟರ್ ಸಪೋರ್ಟ್. ಇಂಜಿನ್ ತಣ್ಣಗಿಡುವ ರೇಡಿಯೇಟರ್, ಎಸಿ ಅನಿಲದ ಶಾಖ ಹೊರಬಿಡುವ ಕಂಡೆನ್ಸರ್, ಫ್ಯಾನ್, ಬಾನೆಟ್ ಲಾಕ್, ಹೆಡ್‌ಲೈಟ್ ಎಲ್ಲವೂ ಕೂತಿರುವ ಚೌಕಟ್ಟು ಅದು. ಎಷ್ಟೋ ಕಾರುಗಳಲ್ಲಿ ಅದು ತೆಳು ತಗಡು ಅಥವಾ ಪ್ಲಾಸ್ಟಿಕ್. ಅದು ಒಂದು ಬೆರಳು ಹಿಂದೆ ಹೋದರೂ ಹೊರಗಿನಿಂದ ಕಾಣಿಸುವುದಿಲ್ಲ. ಕಾಣಿಸುವುದು ಹೇಗೆ ಗೊತ್ತಾ? ಬಾನೆಟ್ ಮುಚ್ಚಲು ಜೋರಾಗಿ ಒತ್ತಬೇಕಾಗುತ್ತದೆ. ನೀವು ಬರೆದದ್ದರಲ್ಲಿ ನನಗೆ ತಲೆಕೆಡಿಸಿದ್ದು ಅದೊಂದೇ ಸಾಲು.

ಏರ್‌ಬ್ಯಾಗ್ ತೆರೆಯಲಿಲ್ಲ, ಹಾಗಾಗಿ ಪೆಟ್ಟು ಸಣ್ಣದು ಅನ್ನುವ ಲೆಕ್ಕಾಚಾರ ಬೇಡ. ಏರ್‌ಬ್ಯಾಗ್ ನೋಡುವುದು ಕಾರಿನ ವೇಗ ಎಷ್ಟು ಫಕ್ಕನೆ ಇಳಿಯಿತು ಅಂತ. ಜಿಂಕೆ ಕಾರಿಗಿಂತ ತುಂಬಾ ಹಗುರ, ಮೈಯೂ ಮೆದು. ಕಾರು ಅದನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ. ರೇಡಿಯೇಟರ್ ಪುಡಿಯಾದರೂ ಏರ್‌ಬ್ಯಾಗಿಗೆ ಅದು ದೊಡ್ಡ ಸಂಗತಿಯಲ್ಲ.

ಈಗ ನೀವು ನೋಡಬಹುದಾದದ್ದು. ಇಂಜಿನ್ ಪೂರ್ತಿ ತಣ್ಣಗಿರಲಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ರಕ್ತ, ಕೂದಲು ಇದ್ದ ಕಡೆ ರಕ್ತ ಹೀರುವ ಉಣ್ಣಿಯೂ ಇರಬಹುದು. ಬರಿಗೈಲಿ ಮುಟ್ಟಬೇಡಿ.

ಮೊದಲು ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡಲು ರೇಡಿಯೇಟರಿನಲ್ಲಿ ಓಡುವ ಬಣ್ಣದ ದ್ರವ. ಪಾರದರ್ಶಕ ಡಬ್ಬಿ ಇರುತ್ತದಲ್ಲ, ಅದರಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಡಬ್ಬಿಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ. ಕಾರಿನ ಕೆಳಗೆ ಒಂದು ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಹಸಿರು, ಕೆಂಪು, ನೀಲಿ ಯಾವ ಬಣ್ಣದ ಹನಿ ಇದ್ದರೂ ಓಡಿಸಬೇಡಿ. ಬರೀ ನೀರಾದರೆ ಎಸಿಯದು. ರಟ್ಟು ಒಣಗಿದೆ ಅಂತ ಮಾತ್ರ ಸಮಾಧಾನ ಆಗಬೇಡಿ. ಈಗಿನ ಕಾರುಗಳಿಗೆ ಕೆಳಗೆ ಪ್ಲಾಸ್ಟಿಕ್ ತಟ್ಟೆ ಬಿಗಿದಿರುತ್ತಾರೆ. ಸಣ್ಣ ಸೋರಿಕೆ ಅದರ ಮೇಲೇ ನಿಲ್ಲುತ್ತದೆ. ಹಾಗಾಗಿ ಮೂಗನ್ನೂ ನಂಬಿ. ಬಿಸಿ ಇಂಜಿನ್ ನಿಲ್ಲಿಸಿದ ಮೇಲೆ ಸಿಹಿ ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಮತ್ತೆ, ಇಂಜಿನ್ ಬಿಸಿ ಇದ್ದಾಗ ಮುಚ್ಚಳ ತೆಗೆಯಲೇಬೇಡಿ. ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಟೆಂಪರೇಚರ್ ಮುಳ್ಳು ನೋಡಿಕೊಂಡು ಓಡಿಸುತ್ತೇನೆ ಅಂತ ಹೇಳುವವರು ಜಾಸ್ತಿ. ಹೊಸ ಕಾರುಗಳಲ್ಲಿ ಆ ಮುಳ್ಳು ನಡುವಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಶಾಖ ಸ್ವಲ್ಪ ಏರಿದರೆ ಅದು ಅಲ್ಲಾಡುವುದೇ ಇಲ್ಲ. ಅಲ್ಲಾಡಿತು ಅಂದರೆ ಆಗಲೇ ತಡವಾಗಿದೆ. ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ಇರುತ್ತದೆ, ಆಗ ಅದು ಸುಳ್ಳೇ ಹೇಳಬಹುದು.

ಎರಡನೆಯದು ಬಾನೆಟ್. ಮುಚ್ಚಿ, ಎರಡೂ ಬದಿಯ ಸಂದಿ ನೋಡಿ. ಫೆಂಡರಿಗೂ (ಮುಂದಿನ ಚಕ್ರದ ಮೇಲಿನ ಬದಿಯ ತಗಡು) ಬಾನೆಟ್ಟಿಗೂ ನಡುವಿನ ಗೆರೆ ಎಡಕ್ಕೂ ಬಲಕ್ಕೂ ಒಂದೇ ಅಗಲ ಇದೆಯಾ, ಮುಂದಿನಿಂದ ಗಾಜಿನ ತನಕ ಒಂದೇ ಸಮ ಇದೆಯಾ? ಕಣ್ಣಿಗೆ ಗೊತ್ತಾಗದಿದ್ದರೆ ರಟ್ಟಿನ ಚೂರು ಮಡಚಿ ಒಂದು ಕಡೆ ತೂರಿಸಿ, ಅದೇ ಚೂರನ್ನು ಇನ್ನೊಂದು ಕಡೆ ತೂರಿಸಿ ನೋಡಿ. ಆಮೇಲೆ ಒಳಗಿನ ಲಿವರ್ ಎಳೆಯಿರಿ. ಬಾನೆಟ್ ಸ್ವಲ್ಪ ಎದ್ದು ಎರಡನೇ ಕೊಂಡಿಯಲ್ಲಿ ನಿಲ್ಲಬೇಕು. ನಿಲ್ಲದೆ ನೇರ ಮೇಲೆ ಬಂದರೆ ಆ ಗಾಡಿ ಹೈವೇಗೆ ಹೋಗಬಾರದು. ಗಾಳಿಗೆ ಬಾನೆಟ್ ಎದ್ದು ಗಾಜಿಗೆ ಬಡಿದರೆ ಮುಂದೆ ಏನೂ ಕಾಣುವುದಿಲ್ಲ.

ಎಸಿ ವಿಷಯ. ಭ್ರಮೆ ಅಲ್ಲದಿರಬಹುದು. ಕಂಡೆನ್ಸರ್ ಎಲ್ಲಕ್ಕಿಂತ ಮುಂದೆ ಕೂತಿರುತ್ತದೆ, ಮೊದಲ ಪೆಟ್ಟು ಅದಕ್ಕೇ. ಸೋರಿದರೆ ಅನಿಲದ ಜೊತೆ ಎಣ್ಣೆಯೂ ಹೊರಬಂದು ಜಿಡ್ಡಿನ ಕಲೆ ಬಿಡುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಟಾರ್ಚ್ ಹಿಡಿದು ಗ್ರಿಲ್ ಸಂದಿಯಿಂದ ನೋಡಿ. ಆದರೆ ಗ್ಯಾಸ್ ತುಂಬಿಸಲು ಓಡುವ ಮೊದಲು ಡ್ಯಾಶ್‌ಬೋರ್ಡ್‌ನಲ್ಲಿ ಹೊರಗಿನ ಉಷ್ಣತೆ ಎಷ್ಟು ತೋರಿಸುತ್ತಿದೆ ನೋಡಿ ಹೇಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನು ಟಾರ್ಚ್ ಕೈಯಲ್ಲೇ ಇರುವಾಗ ಎಡ ಮುಂದಿನ ಚಕ್ರದ ಒಳಗೆ ಇಣುಕಿ. ಚಕ್ರದ ಮೇಲಿನ ಪ್ಲಾಸ್ಟಿಕ್ ಕಿತ್ತುಬಂದು ಟಯರಿಗೆ ಉಜ್ಜುತ್ತಿದೆಯಾ? ಟಯರಿನ ಪಕ್ಕದಲ್ಲಿ ಉಬ್ಬು ಇದೆಯಾ? ಬ್ರೇಕ್ ಹೋಸ್, ಎಬಿಎಸ್ ವೈರ್ ಜೋತುಬಿದ್ದಿದೆಯಾ? ಸ್ಟೀರಿಂಗನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ ಸದ್ದು ಕೇಳಿ. ಎರಡೂ ಮುಂದಿನ ಬಾಗಿಲು ತೆರೆದು ಮುಚ್ಚಿ, ಫೆಂಡರಿಗೆ ಬಾಗಿಲಿನ ಅಂಚು ತಾಗುತ್ತಿದ್ದರೆ ಫೆಂಡರ್ ಹಿಂದಕ್ಕೆ ಸರಿದಿದೆ.

ಇಷ್ಟು ನೋಡಿ ಹೇಳಿ. ಅಲ್ಲಿಯವರೆಗೆ ಗಾಡಿ ನಿಂತಿರಲಿ. ಮತ್ತೆ, ಬ್ಯಾಟರಿ ವೈರ್ ಬಿಚ್ಚಬೇಡಿ, ಯಾರಿಗೂ ಬಿಚ್ಚಲು ಬಿಡಬೇಡಿ. ಮೊದಲು ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ನೋಡಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಬಂದಿಲ್ಲ ಅಂದರೆ ಒಳಗೆ ಕೋಡ್ ಇಲ್ಲ ಅಂತ ಅರ್ಥ ಅಲ್ಲ.

ನಾಲ್ಕನೇ ಗೇರ್

ಸ್ಪ್ಯಾನರ್ ಅಣ್ಣ, ಬೇಜಾರಾಗಬೇಡಿ, ಸುಮ್ನೆ ಹೆದರಿಸ್ತಿದ್ದೀರಿ ಅನ್ನಿಸುತ್ತೆ. ನನ್ನ ಗಾಡಿಗೂ ಜಿಂಕೆ ಬಡಿದಿತ್ತು. ಗ್ರಿಲ್ ಒಡೆದಿತ್ತು, ಹೊಸದು ಹಾಕಿಸಿದೆ, ಆವತ್ತಿನಿಂದ ಆರಾಮಾಗಿ ಓಡಿಸ್ತಾ ಇದ್ದೀನಿ. ಬಂಪರ್ ಬಿಚ್ಚಿದರೆ ಗ್ಯಾರೇಜಿನವರು ಏನಾದರೂ ಒಂದು ಹುಡುಕಿಯೇ ಹುಡುಕ್ತಾರೆ. ಅವರ ಹೊಟ್ಟೆಪಾಡು ಅದು.

ಹತ್ತರ ಸ್ಪ್ಯಾನರ್

ಬೇಜಾರಿಲ್ಲ ತಮ್ಮಾ. ಹೊಟ್ಟೆಪಾಡು ಅನ್ನುವುದು ನಿಜವೇ, ನಾನೂ ಅದರಲ್ಲೇ ಇದ್ದೇನೆ. ಹಾಗಾಗಿ ಹೇಳುತ್ತೇನೆ: ಬಂಪರ್ ಬಿಚ್ಚುವಾಗ ಮಾಲೀಕರು ಪಕ್ಕದಲ್ಲೇ ನಿಂತಿರಲಿ. ಏನು ಮುರಿದಿದೆ ಅಂತ ಬಾಯಲ್ಲಿ ಹೇಳುವುದಲ್ಲ, ಕೈಗೆ ಕೊಟ್ಟು ತೋರಿಸಲಿ. ಬೇಡ ಅನ್ನುವ ಗ್ಯಾರೇಜಿಗೆ ಹೋಗಲೇಬೇಡಿ.

ನಿನ್ನ ಗಾಡಿ ಯಾವುದು? ಎತ್ತರದ ಎಸ್‌ಯುವಿ ಆಗಿದ್ದರೆ ಜಿಂಕೆಯ ಮೈ ಸರಿಯಾಗಿ ಅಡ್ಡಪಟ್ಟಿಯ ಮಟ್ಟಕ್ಕೇ ಬಂದಿರಬಹುದು. ಆಗ ಗ್ರಿಲ್ಲಿಗೇ ಮುಗಿಯುವುದೂ ಉಂಟು. ಪ್ರಾಣಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಮರಿ ಜಿಂಕೆಗೂ ದೊಡ್ಡ ಕಡವೆಗೂ ಹೋಲಿಕೆಯೇ ಇಲ್ಲ. ಬೆಳೆದ ಗಂಡು ಕಡವೆ 200 ಕಿಲೋ ದಾಟುತ್ತದೆ. ವೇಗ ಅಂತೂ ಎಲ್ಲಕ್ಕಿಂತ ಮುಖ್ಯ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟು. ಅದಕ್ಕೇ ಒಬ್ಬರ ಗಾಡಿಗೆ ಏನೂ ಆಗಲಿಲ್ಲ ಅಂತ ಇನ್ನೊಬ್ಬರ ಗಾಡಿಗೆ ಧೈರ್ಯ ಹೇಳಲು ಬರುವುದಿಲ್ಲ.

ನಿನ್ನ ಗಾಡಿಯನ್ನೂ ಒಂದು ಸಲ ರಾತ್ರಿ ಗೋಡೆ ಎದುರು ನಿಲ್ಲಿಸಿ ಲೈಟ್ ಹಾಕಿ ನೋಡು. ಎರಡೂ ಬೆಳಕಿನ ಮೇಲಂಚು ಒಂದೇ ಎತ್ತರ ಇದೆಯಾ? ಹೆಡ್‌ಲೈಟನ್ನು ಹಿಡಿದಿರುವ ಪ್ಲಾಸ್ಟಿಕ್ ಕಿವಿಗಳು ಮುರಿಯಲೆಂದೇ ಮಾಡಿದ ಹಾಗೆ ತೆಳ್ಳಗಿರುತ್ತವೆ. ಮೂರರಲ್ಲಿ ಒಂದು ಮುರಿದರೂ ಲೈಟ್ ಕೂತೇ ಇರುತ್ತದೆ, ಉರಿಯುತ್ತದೆ. ಬೆಳಕು ಮಾತ್ರ ಎದುರು ಬರುವವನ ಕಣ್ಣಿಗೆ.

ಇಳಿಸಂಜೆ

ಸ್ಪ್ಯಾನರ್ ಅಣ್ಣ, ನೀವು ಹೇಳಿದ್ದನ್ನೆಲ್ಲ ತಂಗಿ ಟಾರ್ಚ್ ಹಿಡಿದು ನಿಂತಳು, ನಾನು ನೋಡಿದೆ.

ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ಆದರೆ ಡಬ್ಬಿಯಲ್ಲಿ ಕೂಲೆಂಟ್ ಕೆಳಗಿನ ಗೆರೆಗಿಂತ ಸ್ವಲ್ಪ ಕಡಿಮೆ ಇದೆ. ಮೊದಲು ಎಷ್ಟಿತ್ತು ಗೊತ್ತಿಲ್ಲ. ಇಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿಸಿ ನಿಲ್ಲಿಸಿದಾಗ ನಿಮ್ಮ ಸಿಹಿ ವಾಸನೆ ಬಂತು. ತಂಗಿಗೂ ಬಂತು.

ಬಾನೆಟ್ ಸಂದಿ ಎಡಗಡೆ ಮುಂದೆ ಕಿರಿದು, ಬಲಗಡೆ ಸರಿ ಇದೆ. ಎರಡನೇ ಕೊಂಡಿ ಹಿಡಿಯುತ್ತದೆ. ಚಕ್ರದ ಒಳಗೆ ಎಲ್ಲ ಚೆನ್ನಾಗಿದೆ, ಬಾಗಿಲು ಎಲ್ಲೂ ತಾಗುವುದಿಲ್ಲ.

ಹೊರಗಿನ ಉಷ್ಣತೆ ನೋಡಿ ನಾವಿಬ್ಬರೂ ನಕ್ಕುಬಿಟ್ಟೆವು. ಮೈನಸ್ 40 ಡಿಗ್ರಿ! ಇದು ಏನು?

ಹತ್ತರ ಸ್ಪ್ಯಾನರ್

ಆ ಮೈನಸ್ 40 ನೋಡಬೇಕು ಅಂತಲೇ ಕೇಳಿದ್ದು. ಹೊರಗಿನ ಉಷ್ಣತೆ ಅಳೆಯುವ ಸೆನ್ಸರ್ ಬೆರಳಿನ ತುದಿಯಷ್ಟು ಇರುತ್ತದೆ. ಬಂಪರಿನ ಹಿಂದೆ ಅಥವಾ ಕಂಡೆನ್ಸರ್ ಮುಂದೆ ಒಂದು ಕ್ಲಿಪ್ಪಿನಲ್ಲಿ ನೇತಾಡುತ್ತಿರುತ್ತದೆ. ಪೆಟ್ಟಿಗೆ ಅದು ಮುರಿಯುತ್ತದೆ ಅಥವಾ ವೈರ್ ಕಿತ್ತುಹೋಗುತ್ತದೆ. ವೈರ್ ಕಡಿದಾಗ ಎಷ್ಟೋ ಕಾರುಗಳು ಅದನ್ನು ಮೈನಸ್ 40 ಅಂತ ಓದುತ್ತವೆ. ಹೊರಗೆ ಅಷ್ಟು ಚಳಿ ಇದ್ದರೆ ಎಸಿ ಕಂಪ್ರೆಸರ್ ಯಾಕೆ ಓಡಬೇಕು ಅಂತ ಕಾರು ತಾನೇ ಆಫ್ ಮಾಡಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಗ್ಯಾಸ್ ತುಂಬಿಸಿ, ಕಂಡೆನ್ಸರ್ ಬದಲಾಯಿಸಿ, ಆಮೇಲೂ ತಂಪು ಬರದೆ ನನ್ನ ಹತ್ತಿರ ಬಂದವರಿದ್ದಾರೆ. ಹಾಗಂತ ಕಂಡೆನ್ಸರ್ ಪಾಸಾಯಿತು ಅಂತಲ್ಲ. ಬಿಚ್ಚಿದಾಗ ಒತ್ತಡ ಹಾಕಿ ನೋಡಲಿ.

ಈಗ ಸಿಹಿ ವಾಸನೆ. ರಟ್ಟು ಒಣಗಿದೆ, ಮಟ್ಟ ಕಡಿಮೆ, ವಾಸನೆ ಬರುತ್ತಿದೆ, ಎಡ ಮುಂದಿನ ಸಂದಿ ಕಿರಿದು. ನನ್ನ ಲೆಕ್ಕದಲ್ಲಿ ರೇಡಿಯೇಟರ್ ಸಪೋರ್ಟಿನ ಎಡ ಮೇಲ್ತುದಿ ಹಿಂದಕ್ಕೆ ಹೋಗಿದೆ, ಜೊತೆಗೆ ರೇಡಿಯೇಟರನ್ನೂ ತಳ್ಳಿದೆ. ರೇಡಿಯೇಟರಿನ ಎರಡು ಬದಿಯಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ. ಅದು ಅಲ್ಯೂಮಿನಿಯಂ ಜಾಲರಿಗೆ ಸೇರುವ ಕಡೆ ಅಥವಾ ಸಪೋರ್ಟಿಗೆ ಕೂರಿಸುವ ಮೇಲಿನ ಗೂಟದ ಬುಡದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ಸೋರುವುದಿಲ್ಲ. ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಆವಿಯಾಗಿ ಹೋಗುತ್ತದೆ. ಓಡಿಸಬೇಡಿ. ಟೋ ಮಾಡಿಸಿ. "ಹತ್ತಿರವೇ ಇದೆ, ನಿಧಾನಕ್ಕೆ ಹೋಗ್ತೀನಿ" ಅಂತ ಹೋದವರ ಇಂಜಿನ್ ಹೆಡ್ (ಇಂಜಿನ್ನಿನ ಮೇಲ್ಭಾಗ) ಶಾಖಕ್ಕೆ ಬಾಗಿ, ಬಂಪರ್ ಕೆಲಸಕ್ಕೆ ಬಂದವರು ಇಂಜಿನ್ ಕೆಲಸ ಮಾಡಿಸಿಕೊಂಡು ಹೋಗಿದ್ದಾರೆ.

ನಿಮ್ಮದು ಆಟೋಮ್ಯಾಟಿಕ್ ಅಂದಿರಿ. ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಎಣ್ಣೆಯನ್ನು ತಣ್ಣಗೆ ಮಾಡುವ ಸಣ್ಣ ಕೂಲರ್ ರೇಡಿಯೇಟರ್ ಟ್ಯಾಂಕಿನ ಒಳಗೇ ಇರುತ್ತದೆ. ಅದು ಒಡೆದರೆ ಎಣ್ಣೆ ಮತ್ತು ಕೂಲೆಂಟ್ ಒಂದಾಗುತ್ತವೆ. ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪದರಗಳಿಗೆ ನೀರು ಸೇರಿದರೆ ಅವು ಕಿತ್ತುಬರುತ್ತವೆ. ಡಬ್ಬಿಯ ಕೂಲೆಂಟಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಅಥವಾ ಗುಲಾಬಿ ಬಣ್ಣದ ನೊರೆ ಕಂಡರೆ ಸ್ಟಾರ್ಟ್ ಕೂಡ ಮಾಡಬೇಡಿ.

ಗ್ಯಾರೇಜಿಗೆ ಹೋದ ಮೇಲೆ ಕೇಳಬೇಕಾದದ್ದನ್ನು ಬರೆಯುತ್ತೇನೆ. ಇದನ್ನು ಕೇಳಿದರೆ ಅವರಿಗೂ ಗೊತ್ತಾಗುತ್ತದೆ, ಈ ಗಿರಾಕಿಗೆ ಟೋಪಿ ಹಾಕುವುದು ಕಷ್ಟ ಅಂತ.

ಬಂಪರ್ ಬಿಚ್ಚುವ ಮೊದಲು ಸ್ಕ್ಯಾನ್ ಮಾಡಿ, ಕೋಡ್‌ಗಳ ಪಟ್ಟಿ ನಿಮಗೆ ಕೊಡಲಿ. ಕೆಲಸ ಮುಗಿದ ಮೇಲೆ ಇನ್ನೊಂದು ಸ್ಕ್ಯಾನ್, ಇನ್ನೊಂದು ಪಟ್ಟಿ.

ಬಿಚ್ಚಿದ ಮೇಲೆ ಅಡ್ಡಪಟ್ಟಿಯ ಮುಂದೆ ಥರ್ಮೋಕೋಲ್ ತರಹದ ಫೋಮ್ ಕಾಣುತ್ತದೆ. ಅದು ಬಿರುಕು ಬಿಟ್ಟಿದ್ದರೆ ಹೊಸದೇ ಹಾಕಬೇಕು. ಅಂಟು ಹಾಕುವುದು, ಇಲ್ಲದಿದ್ದರೂ ನಡೆಯುತ್ತೆ ಅನ್ನುವುದು ಬೇಡ. ಮುಂದಿನ ಸಲ ಪೆಟ್ಟು ಬಿದ್ದಾಗ ಮೊದಲು ಅದು ಕುಗ್ಗಬೇಕು. ಕೆಲವು ಕಾರುಗಳಲ್ಲಿ ಈ ಫೋಮ್ ಒಳಗೆ ತೆಳ್ಳನೆಯ ರಬ್ಬರ್ ಕೊಳವೆ ಹಾದುಹೋಗಿರುತ್ತದೆ. ಪಾದಚಾರಿಗೆ ಬಡಿದರೆ ಬಾನೆಟ್ ಎತ್ತುವ ವ್ಯವಸ್ಥೆಯ ಸೆನ್ಸರ್ ಅದು. ನಿಮ್ಮ ಕಾರಿನಲ್ಲಿ ಇದೆಯಾ ಕೇಳಿ, ಇದ್ದರೆ ಕೊಳವೆ ತೂತಾಗಿಲ್ಲ ಅಂತ ತೋರಿಸಲಿ.

ಅಡ್ಡಪಟ್ಟಿಯ ಎರಡು ತುದಿಯಲ್ಲಿ ಡಬ್ಬಿಯಂಥ ಕುಗ್ಗುವ ತುಂಡು, ಅದರ ಹಿಂದೆ ಚಾಸಿಸ್ ತೋಳು, ಅಂದರೆ ಕಾರಿನ ಮುಂಭಾಗವನ್ನು ಹೊರುವ ಉದ್ದನೆಯ ಗಟ್ಟಿ ತೊಲೆ. ತೋಳಿನ ಪೇಂಟ್ ನೋಡಿ. ತಗಡು ಬಾಗಿದ್ದರೆ ಪೇಂಟ್ ಸಣ್ಣ ಸಣ್ಣ ಗೆರೆಯಾಗಿ ಒಡೆದಿರುತ್ತದೆ. ಎರಡು ತಗಡು ಸೇರುವ ಕಡೆ ಹಚ್ಚಿದ ಸೀಲೆಂಟ್ ಬಿರಿದಿರುತ್ತದೆ. ಬೋಲ್ಟ್ ಬಿಗಿದ ಜಾಗದಲ್ಲಿ ವಾಷರ್ ಸರಿದು ಹೊಳೆಯುವ ಲೋಹ ಕಂಡರೆ ಆ ಭಾಗ ಅಲ್ಲಾಡಿದೆ ಅಂತ. ಇದಕ್ಕೆ ಯಂತ್ರ ಬೇಡ, ಟಾರ್ಚ್ ಸಾಕು. ಟಾರ್ಚನ್ನು ನೇರವಾಗಿ ಅಲ್ಲ, ಓರೆಯಾಗಿ ಹಿಡಿಯಬೇಕು. ಓರೆ ಬೆಳಕಿಗೆ ಅಲೆ ಎದ್ದು ಕಾಣುತ್ತದೆ.

ಆಮೇಲೆ ಅಳತೆ. ಇಂಜಿನ್ ಕೋಣೆಯ ಎಡ ಮುಂದಿನ ಒಂದು ಬೋಲ್ಟಿನಿಂದ ಬಲ ಹಿಂದಿನ ಬೋಲ್ಟಿಗೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ, ಹೀಗೆ ಅಡ್ಡಡ್ಡ ಟೇಪ್ ಹಿಡಿಯುವುದು. ಎರಡೂ ಕಡೆ ಒಂದೇ ಜೋಡಿ ಬೋಲ್ಟ್ ಆಗಿರಬೇಕು. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಕಾರು ತಯಾರಿಸಿದವರ ಅಳತೆ ಪಟ್ಟಿ ಇಟ್ಟುಕೊಂಡು ಬೆಂಚಿನ (ಕಾರನ್ನು ಬಿಗಿದು ಅಳೆಯುವ ಚೌಕಟ್ಟು) ಮೇಲೆ ಅಳೆಯಲಿ. ಬಾಗಿದ ಸಪೋರ್ಟನ್ನು ಸರಪಳಿ ಹಾಕಿ ಎಳೆದು ಬಾನೆಟ್ ಮುಚ್ಚುವ ಹಾಗೆ ಮಾಡಿಕೊಡುವವರಿದ್ದಾರೆ. ನನಗೆ ಅದು ಇಷ್ಟ ಇಲ್ಲ. ತೆಳು ಭಾಗ ಒಮ್ಮೆ ಮಡಚಿದರೆ ಬದಲಾಯಿಸುವುದೇ ಸರಿ.

ಮುಂದಿನ ಏರ್‌ಬ್ಯಾಗ್ ಸೆನ್ಸರ್ ಇದೇ ಸಪೋರ್ಟಿಗೋ ತೋಳಿನ ತುದಿಗೋ ಬೋಲ್ಟ್ ಆಗಿರುತ್ತದೆ. ಅದು ಕೂತ ಜಾಗ ವಾಲಿದ್ದರೆ ಸೆನ್ಸರ್ ನೋಡುವ ದಿಕ್ಕೂ ವಾಲಿದೆ. ಇದನ್ನು ಕೇಳುವವರೇ ಕಡಿಮೆ.

ಇನ್ನು ರೇಡಾರ್. ಇದಕ್ಕೆ ನಾನು ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಲೋಗೋ ಹಿಂದೆಯೋ ಬಂಪರಿನ ಹಿಂದೆಯೋ ಒಂದು ಸಣ್ಣ ಪೆಟ್ಟಿಗೆ, ಅದನ್ನು ಹಿಡಿದಿರುವುದು ಒಂದು ತಗಡಿನ ಬ್ರ್ಯಾಕೆಟ್. ಆ ಬ್ರ್ಯಾಕೆಟ್ 1 ಡಿಗ್ರಿ ಪಕ್ಕಕ್ಕೆ ತಿರುಗಿದರೆ 100 ಮೀಟರ್ ದೂರದಲ್ಲಿ ಅದು 1.75 ಮೀಟರ್ ಪಕ್ಕಕ್ಕೆ ನೋಡುತ್ತದೆ. ಅಂದರೆ ನಿಮ್ಮ ಮುಂದಿನ ಗಾಡಿ ಬಿಟ್ಟು ಪಕ್ಕದ ಸಾಲಿನ ಗಾಡಿ ನೋಡಿ ಬ್ರೇಕ್ ಹಾಕಬಹುದು. ಇಲ್ಲಾ ಹಾಕಬೇಕಾದಾಗ ಸುಮ್ಮನಿರಬಹುದು. ಬಂಪರ್ ಬಿಚ್ಚಿ ಹಾಕಿದ ಮೇಲೆ ಕಂಪನಿ ಹೇಳಿದ ರೀತಿಯಲ್ಲಿ ಕ್ಯಾಲಿಬ್ರೇಶನ್ (ರೇಡಾರ್ ನೋಡುವ ದಿಕ್ಕು ಸರಿಹೊಂದಿಸುವುದು) ಮಾಡಿಸಿ, ಅದರ ಪ್ರಿಂಟ್ ತೆಗೆದುಕೊಳ್ಳಿ. ಕಾರು ತಾನೇ ಸರಿಮಾಡಿಕೊಳ್ಳುತ್ತೆ ಅಂದರೆ ನಂಬಬೇಡಿ, ಕಂಪನಿಯ ರಿಪೇರಿ ಪುಸ್ತಕದಲ್ಲಿ ಹಾಗೆ ಎಲ್ಲಿದೆ ಅಂತ ಕೇಳಿ. ರೇಡಾರ್ ಮುಂದಿನ ಪ್ಲಾಸ್ಟಿಕ್ ಮೇಲೆ ಲಪ್ಪ (ಪುಟ್ಟಿ) ಹಚ್ಚಿ ದಪ್ಪ ಪೇಂಟ್ ಹೊಡೆದರೂ ಅದರ ಕಣ್ಣು ಮಂಜಾಗುತ್ತದೆ.

ವಿಮೆಯವರಿಗೆ ಫೋಟೋ ಕಳಿಸಿ. ಆದರೆ ಇದು ಕಣ್ಣಿಗೆ ಕಂಡದ್ದು ಮಾತ್ರ, ಬಿಚ್ಚಿದ ಮೇಲೆ ಸಿಗುವ ಹಾನಿ ಇನ್ನೂ ಸೇರಬೇಕು ಅಂತ ಬರಹದಲ್ಲಿ ತಿಳಿಸಿ. ಬಿಚ್ಚುವ ದಿನ ಸರ್ವೇಯರ್ ಬಂದರೆ ಇನ್ನೂ ಒಳ್ಳೆಯದು. ಮುರಿದ ಭಾಗಗಳನ್ನು ಕ್ಲೇಮ್ ಮುಗಿಯುವ ತನಕ ಎಸೆಯಲು ಬಿಡಬೇಡಿ.

ಬ್ಯಾಟರಿ ಬಂಡಿ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಎಲೆಕ್ಟ್ರಿಕ್ ಕಾರು. ಮುಂದೆ ರೇಡಿಯೇಟರೇ ಬೇಡ ಅಲ್ವಾ, ನಮಗೆ ಇಷ್ಟೆಲ್ಲ ತಲೆನೋವು ಇಲ್ಲ ತಾನೇ?

ಹತ್ತರ ಸ್ಪ್ಯಾನರ್

ಇದೆ ಸರ್. ಈಗಿನ ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟರ್, ಬ್ಯಾಟರಿ ತಣ್ಣಗಿಡಲು ಕೂಲೆಂಟ್ ಓಡುತ್ತದೆ, ಅದರ ರೇಡಿಯೇಟರ್ ಅದೇ ಜಾಗದಲ್ಲೇ ಕೂತಿದೆ. ಜೊತೆಗೆ ಇನ್ನೊಂದು: ಜಿಂಕೆ ಕಾರಿನ ಅಡಿಗೆ ಹೋಗಿದ್ದರೆ ಬ್ಯಾಟರಿಯ ತಳ ನೋಡಿಸಲೇಬೇಕು. ತಗ್ಗು, ಆಳವಾದ ಗೀಚು, ಬಿರುಕು ಇದ್ದರೆ ಕಂಪನಿಯವರೇ ನೋಡಲಿ. ಕಿತ್ತಳೆ ಬಣ್ಣದ ಕೇಬಲ್ ಕಿತ್ತುಬಂದದ್ದು ಕಂಡರೆ ದೂರ ನಿಲ್ಲಿ, ಫೋನ್ ಮಾಡಿ. ಅದಕ್ಕೆ ನಾನೂ ಕೈ ಹಾಕುವುದಿಲ್ಲ.

ಇಳಿಸಂಜೆ

ಟೋ ಮಾಡಿಸಿದೆ. ಬಂಪರ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಗ್ಯಾರೇಜಿನ ಹುಡುಗ ಮೊದಲು ಮುಖ ಸಿಂಡರಿಸಿದ, ಆಮೇಲೆ ನನ್ನ ಪ್ರಶ್ನೆ ಕೇಳಿ ತಾನೇ ಟಾರ್ಚ್ ತಂದು ತೋರಿಸತೊಡಗಿದ.

ಸಪೋರ್ಟಿನ ಎಡ ಮೇಲ್ತುದಿ ಮಡಚಿದೆ, ಬಾನೆಟ್ ಲಾಕ್ ಕೂತ ಜಾಗವೂ ಸ್ವಲ್ಪ ಓರೆ. ರೇಡಿಯೇಟರ್ ಎಡ ಟ್ಯಾಂಕಿನ ಮೇಲಿನ ಗೂಟದ ಬುಡದಲ್ಲಿ ಬಿರುಕು. ಒತ್ತಡ ಹಾಕಿದ ತಕ್ಷಣ ಅಲ್ಲಿಂದ ಹನಿ ಮೂಡಿತು. ಕೆಳಗಿನ ತಟ್ಟೆಯಲ್ಲಿ ನಿಂತಿದ್ದ ಕೂಲೆಂಟನ್ನೂ ತೋರಿಸಿದರು. ಕಂಡೆನ್ಸರಿನ ರೆಕ್ಕೆಗಳು (ಶಾಖ ಬಿಡುವ ತೆಳು ತಗಡುಗಳು) ಬಾಗಿವೆ, ಸೋರುತ್ತಿಲ್ಲ. ಉಷ್ಣತೆಯ ಸೆನ್ಸರ್ ವೈರ್ ತುಂಡು. ಫೋಮ್ ಎರಡಾಗಿದೆ. ಹೆಡ್‌ಲೈಟಿನ ಒಂದು ಕಿವಿ ಮುರಿದಿದೆ. ಅಡ್ಡಪಟ್ಟಿ, ಚಾಸಿಸ್ ತೋಳು ಎರಡೂ ಸರಿ ಇವೆ, ಅಡ್ಡ ಅಳತೆ ಹೆಚ್ಚು ಕಡಿಮೆ ಸಮ. ಗೇರ್‌ಬಾಕ್ಸ್ ಕೂಲರ್ ನಮ್ಮ ಕಾರಿನಲ್ಲಿ ಬೇರೆ ಕಡೆ ಇದೆಯಂತೆ. ಸರ್ವೇಯರ್ ಎಲ್ಲ ಬರೆದುಕೊಂಡರು.

ಎರಡು ಪ್ರಶ್ನೆ. ಹೆಡ್‌ಲೈಟಿನ ಕಿವಿ ಮಾತ್ರ ಅಂಟಿಸಬಹುದು ಅಂತಿದ್ದಾರೆ, ಒಪ್ಪಬಹುದಾ? ಮತ್ತೆ ಒಳಗೆಲ್ಲ ಕೂದಲು, ರಕ್ತ ಇದೆ, ಜೋರು ನೀರು ಬಿಟ್ಟು ತೊಳೆದುಬಿಡ್ತೀವಿ ಅಂದರು.

ಹತ್ತರ ಸ್ಪ್ಯಾನರ್

ಅಡ್ಡಪಟ್ಟಿ ಸರಿ ಇದ್ದು ಅದರ ಮೇಲಿನದು ಮಡಚಿದೆ, ನೋಡಿದಿರಲ್ಲ. ತೋಳು ಉಳಿದದ್ದು ಒಳ್ಳೆಯದಾಯಿತು, ಅದು ದೊಡ್ಡ ಕೆಲಸ.

ಕಿವಿಗೆ ಬರೀ ಅಂಟು ಬೇಡ. ಕೆಲವು ಹೆಡ್‌ಲೈಟುಗಳಿಗೆ ಸ್ಕ್ರೂ ಹಾಕಿ ಕೂರಿಸುವ ರಿಪೇರಿ ಕಿವಿಯನ್ನು ಕಂಪನಿಯೇ ಮಾರುತ್ತದೆ. ನಿಮ್ಮದಕ್ಕೆ ಸಿಕ್ಕರೆ ಅದು ಸಾಕು, ಇಡೀ ಲೈಟ್ ಬೇಡ. ಸಿಗದಿದ್ದರೆ, ಅಥವಾ ಲೈಟಿನ ಒಳಗೆ ಆವಿ ಕಟ್ಟುತ್ತಿದ್ದರೆ ಹೊಸದು ಕೇಳಿ. ಹೇಗೇ ಮಾಡಿದರೂ ಕೊನೆಯಲ್ಲಿ ಬೆಳಕಿನ ಎತ್ತರ ಸರಿಮಾಡಿಸಬೇಕು.

ಜೋರು ನೀರು ಖಂಡಿತ ಬೇಡ. ಕಂಡೆನ್ಸರಿನ ರೆಕ್ಕೆಗಳು ಮೊದಲೇ ಬಾಗಿವೆ, ಇನ್ನಷ್ಟು ಚಪ್ಪಟೆಯಾಗುತ್ತವೆ. ಸಣ್ಣ ಧಾರೆಯಲ್ಲಿ ಹಿಂದಿನಿಂದ ಮುಂದಕ್ಕೆ ತೊಳೆದರೆ ಕೂದಲು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಬಾಗಿದ ರೆಕ್ಕೆಗೆ ಬಾಚಣಿಗೆಯಂಥ ಉಪಕರಣ ಬರುತ್ತದೆ. ರಕ್ತ ಉಳಿಯಬಾರದು, ಅಲ್ಯೂಮಿನಿಯಂ ತಿನ್ನುತ್ತದೆ, ಬಿಸಿಯಾದಾಗ ವಾಸನೆ ಬೇರೆ. ಗಾಜಿನ ಕೆಳಗಿನ ಜಾಲರಿಯಲ್ಲೂ ಕೂದಲು ಇದ್ದರೆ ಕ್ಯಾಬಿನ್ ಫಿಲ್ಟರ್ ಬದಲಾಯಿಸಿಬಿಡಿ.

ಗಾಡಿ ಕೈಗೆ ಬಂದ ಮೇಲೆ ಕೆಲವು ದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಕೂಲೆಂಟ್ ಡಬ್ಬಿ ನೋಡುತ್ತಿರಿ. ಹೊಸ ರೇಡಿಯೇಟರ್ ಹಾಕಿದ ಮೇಲೆ ಒಂದು ಸಲ ಸ್ವಲ್ಪ ಇಳಿದರೆ ಗಾಬರಿ ಬೇಡ, ಒಳಗೆ ಉಳಿದ ಗಾಳಿ ಹೊರಗೆ ಹೋಗಿದೆ ಅಷ್ಟೇ. ಅದೇ ಬಣ್ಣದ, ಅದೇ ಬಗೆಯ ಕೂಲೆಂಟ್ ಗೆರೆಯ ತನಕ ಹಾಕಿ. ಮತ್ತೆ ಇಳಿದರೆ ಮಾತ್ರ ವಾಪಸ್ ತೋರಿಸಿ, ಆಗ ಕ್ಲಿಪ್ಪೋ ಹೋಸೋ ಎಲ್ಲೋ ಸರಿಯಾಗಿ ಕೂತಿಲ್ಲ.